ಹಣೆಗೆ ಕಟ್ಟುವ ಪ್ರಜ್ಞಾಮಾಪಕ: ಒಂದು ಬೇಸಿಗೆಯ ಬಳಕೆಯ ನಂತರ

ಹಣೆಗೆ ಪಟ್ಟಿಯಂತೆ ಕಟ್ಟಿಕೊಂಡು, ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸಿ, ಮಿದುಳಿನ ವಿದ್ಯುತ್ ಅಲೆಗಳನ್ನು ಮನೆಯಲ್ಲಿಯೇ ಕುಳಿತು ನೋಡಬಹುದಾದ ಉಪಕರಣಗಳು ಕೆಲವು ವರ್ಷಗಳಿಂದ ಆನ್‌ಲೈನ್ ಮಾರುಕಟ್ಟೆಯಲ್ಲಿ ಸಿಗುತ್ತಿವೆ. ಅಂಥದ್ದೊಂದನ್ನು ಸುಮಾರು 28,000 ರೂಪಾಯಿ ಕೊಟ್ಟು ರಾಯಚೂರಿಗೆ ತರಿಸಿಕೊಂಡು, ಈ ಬೇಸಿಗೆಯುದ್ದಕ್ಕೂ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಬಗೆಯ ಪಟ್ಟಿಗಳನ್ನು ಮಾರುವವರು ಬಹುಪಾಲು ಒಂದೇ ಧಾಟಿಯಲ್ಲಿ ಮಾತನಾಡುತ್ತಾರೆ, ನನ್ನ ತಕರಾರು ಇರುವುದು ಆ ಧಾಟಿಯ ಬಗ್ಗೆ. ನಾನು ಕೊಂಡ ಪಟ್ಟಿಯ ಆ್ಯಪ್, ಧ್ಯಾನಕ್ಕೆ ಕುಳಿತವರ ಪ್ರಜ್ಞೆಯ ಮಟ್ಟವನ್ನು ಸೊನ್ನೆಯಿಂದ ನೂರರವರೆಗಿನ ಒಂದು ಅಂಕವಾಗಿ ತೋರಿಸುತ್ತದೆ. ಪ್ರಜ್ಞೆಯೆಂಬುದು ಮಿದುಳಿನ ವಿದ್ಯುತ್ತಲ್ಲದೆ ಬೇರೇನೂ ಅಲ್ಲ, ಇದನ್ನು ವಿಜ್ಞಾನ ಈಗಾಗಲೇ ಇತ್ಯರ್ಥಪಡಿಸಿದೆ ಎಂಬ ಅರ್ಥದ ಮಾತು ಅದರ ಕೈಪಿಡಿಯ ಮೊದಲ ಪುಟದಲ್ಲಿಯೇ ಇದೆ. ಉಪಕರಣ ಹೇಗಿದೆ ಎನ್ನುವುದರ ಜೊತೆಗೆ ಈ ಮಾತು ಎಷ್ಟು ನಿಜ ಎನ್ನುವುದನ್ನೂ ತೂಗಿ ನೋಡದೆ ವಿಮರ್ಶೆ ಪೂರ್ತಿಯಾಗುವುದಿಲ್ಲ, ಏಕೆಂದರೆ ಗಿರಾಕಿ ಇಷ್ಟು ಹಣ ಕೊಡುವುದು ಆ ಮಾತನ್ನು ನಂಬಿಯೇ.

ನಾನು ವೈದ್ಯನಲ್ಲ, ತತ್ತ್ವಶಾಸ್ತ್ರ ಓದಿದವನೂ ಅಲ್ಲ. ಕೃಷ್ಣೆಯ ದಂಡೆಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ, ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹಬೆಯ ಉಷ್ಣತೆ, ಅದರ ಒತ್ತಡ, ಹರಿವು ಇವುಗಳನ್ನು ಅಳೆಯುವ ಮಾಪಕಗಳು ನಿಜ ಹೇಳುತ್ತಿವೆಯೇ ಇಲ್ಲವೇ ಎಂದು ಪರೀಕ್ಷಿಸುವುದೇ ನನ್ನ ಕೆಲಸವಾಗಿತ್ತು. ಆ ಕೆಲಸ ಅಂಟಿಸಿದ ಒಂದು ಚಾಳಿ ಇನ್ನೂ ಬಿಟ್ಟಿಲ್ಲ: ಯಾವ ಮಾಪಕ ಕಂಡರೂ, ಇದನ್ನು ಯಾವುದರ ಜೊತೆ ಹೋಲಿಸಿ ಕ್ಯಾಲಿಬ್ರೇಟ್ ಮಾಡಿದ್ದಾರೆ ಎಂಬ ಪ್ರಶ್ನೆ ಮೊದಲು ಬರುತ್ತದೆ.

ವಸ್ತುವಿನ ಬಗ್ಗೆ ಹೇಳುವುದಾದರೆ, ಪಟ್ಟಿ ಹಗುರವಾಗಿದೆ, ಕಟ್ಟು ಗಟ್ಟಿಯಾಗಿದೆ. ಹಣೆಯ ಮೇಲೆ ಎರಡು, ಕಿವಿಗಳ ಹಿಂದೆ ಎರಡು, ಹೀಗೆ ನಾಲ್ಕು ಒಣ ಸಂವೇದಕಗಳಿದ್ದು, ಹಣೆಯ ನಡುವಿನ ಇನ್ನೊಂದು ಬಿಂದುವನ್ನು ಹೋಲಿಕೆಗೆ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಮಿದುಳಿನ ಅಲೆಗಳನ್ನು ದಾಖಲಿಸುವ ಆಸ್ಪತ್ರೆಯ ಇಇಜಿ ಪರೀಕ್ಷೆಯಲ್ಲಿ ನೆತ್ತಿಯ ತುಂಬ 20ರ ಆಸುಪಾಸು ಎಲೆಕ್ಟ್ರೋಡುಗಳನ್ನು ಪೇಸ್ಟ್ ಹಚ್ಚಿ ಕೂರಿಸುತ್ತಾರೆ; ಅದಕ್ಕೆ ಹೋಲಿಸಿದರೆ ಈ ಪಟ್ಟಿ ಕಾಣುವುದು ಕಿಟಕಿಯ ಒಂದು ಸಂದಿಯಿಂದ ಮಾತ್ರ. ಆದರೂ ಮೂಲ ತತ್ತ್ವ ಒಂದೇ. ಜರ್ಮನಿಯ ಯೇನಾ ನಗರದ ಮನೋವೈದ್ಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಬಾರಿಗೆ ಇಂಥ ಅಲೆಗಳನ್ನು ದಾಖಲಿಸಿ, 1929ರಲ್ಲಿ ಅದನ್ನು ಪ್ರಕಟಿಸಿದರು. ನೆತ್ತಿಯ ಮೇಲೆ ಸಿಗುವ ಸಂಕೇತ ಕೆಲವು ಹತ್ತು ಮೈಕ್ರೋವೋಲ್ಟುಗಳಷ್ಟೇ. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋವೋಲ್ಟ್. ಅಷ್ಟು ಸಣ್ಣ ಸಂಕೇತವನ್ನು ಹಿಡಿದು, ಅದನ್ನು ಗಾಳಿಯಲ್ಲಿ ಮೊಬೈಲಿಗೆ ಕಳುಹಿಸುವ ಕೆಲಸವನ್ನು ಅಂಗೈಯಗಲದ ಸಲಕರಣೆ ಮಾಡುತ್ತಿದೆ ಎನ್ನುವುದನ್ನು ವೃತ್ತಿಯವನಾಗಿ ನಾನು ಮೆಚ್ಚಲೇಬೇಕು.

ನಮ್ಮ ಊರಿಗೆ ಮಾತ್ರ ಇದನ್ನು ಯಾರೂ ಪರೀಕ್ಷಿಸಿದಂತಿಲ್ಲ. ರಾಯಚೂರಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಹಣೆಯ ಮೇಲೆ ಬೆವರು ನಿಲ್ಲುವುದೇ ಇಲ್ಲ. ಬೆವರಿನಿಂದ ಸಂವೇದಕದ ಬುಡದಲ್ಲಿ ನಿಧಾನವಾಗಿ ಏರಿಳಿಯುವ ವೋಲ್ಟೇಜ್ ಹುಟ್ಟುತ್ತದೆ. ಗಾಢ ನಿದ್ರೆಯಲ್ಲಿ ಕಾಣುವ ಡೆಲ್ಟಾ ಅಲೆಗಳೂ ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಆವರ್ತನದ ನಿಧಾನದ ಅಲೆಗಳೇ. ಹೀಗಾಗಿ ಮಧ್ಯಾಹ್ನದ ಬಿಸಿಲಿಗೆ ಬೇಯುತ್ತ, ವಿದ್ಯುತ್ ಬಿಲ್ಲಿನ ಲೆಕ್ಕ ಹಾಕುತ್ತ ಕುಳಿತಿದ್ದ ನನ್ನನ್ನು ಈ ಆ್ಯಪ್ ಆಳವಾದ ವಿಶ್ರಾಂತಿಗೆ ಸೇರಿಸಿತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರಾದರೆ ಕಿವಿಯ ಹಿಂದಿನ ಸಂವೇದಕಗಳು ಹಿಡಿಯುವುದೇ ಇಲ್ಲ, ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಳ್ಳಬೇಕು. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದಾಗ, ಅಥವಾ ಕೂಲರ್ ಪಕ್ಕದಲ್ಲಿಯೇ ಕುಳಿತಾಗ, ಅಲೆಗಳ ಚಿತ್ರ ದಪ್ಪಗಾಗಿ ಮಸುಕಾಗುತ್ತದೆ. ನಮ್ಮ ಮನೆಗಳ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಸೋಸುವ ಫಿಲ್ಟರ್ ಇದೆಯೆಂದು ಕೈಪಿಡಿಯಲ್ಲಿ ಬರೆದಿದ್ದಾರೆ. ಇನ್ವರ್ಟರಿನ ಒರಟು ಅಲೆಯನ್ನು ಅದು ಸೋಸಲಾರದು. ಬೆಳಗಿನ ಜಾವ ಐದರಿಂದ ಆರರ ನಡುವೆ, ಫ್ಯಾನು ಕೂಲರು ಎರಡನ್ನೂ ನಿಲ್ಲಿಸಿ, ಸಂವೇದಕಗಳಿಗೆ ತುಸು ನೀರು ಸವರಿ ಕುಳಿತರೆ ಒಳ್ಳೆಯ ಸಂಕೇತ ಸಿಗುತ್ತದೆ.

ಅಂಥ ಸಂಕೇತ ಸಿಕ್ಕಾಗ ಉಪಕರಣ ಒಂದು ಕೆಲಸವನ್ನು ಪ್ರಾಮಾಣಿಕವಾಗಿ ಮಾಡುತ್ತದೆ. ಕಣ್ಣು ಮುಚ್ಚಿದ ಕೆಲವೇ ಕ್ಷಣಗಳಲ್ಲಿ ಸೆಕೆಂಡಿಗೆ ಎಂಟರಿಂದ ಹದಿಮೂರರ ಆವರ್ತನದ ಆಲ್ಫಾ ಅಲೆಗಳು ಕಿವಿಯ ಬಳಿಯ ಸಂವೇದಕಗಳಲ್ಲಿ ಎದ್ದು ಕಾಣುತ್ತವೆ, ಕಣ್ಣು ತೆರೆದೊಡನೆ ಅಡಗುತ್ತವೆ. ಬರ್ಗರ್ ಕಂಡದ್ದು ಇದನ್ನೇ. ನೂರು ವರ್ಷದ ಹಿಂದೆ ಒಬ್ಬ ವೈದ್ಯ ಒಬ್ಬಂಟಿಯಾಗಿ ಹಿಡಿದದ್ದನ್ನು ನನ್ನ ಹಜಾರದಲ್ಲಿ ಕುಳಿತು ನೋಡುವುದು ರೋಮಾಂಚನದ ಅನುಭವವೇ ಸರಿ, ಅಷ್ಟರ ಮಟ್ಟಿಗೆ ಹಣ ದಂಡವಾಯಿತೆಂದು ಹೇಳಲಾರೆ.

ತೊಂದರೆ ಶುರುವಾಗುವುದು ಅಲೆಗಳನ್ನು ಅಂಕವಾಗಿ ಮಾರ್ಪಡಿಸುವ ಹಂತದಲ್ಲಿ. ಹಲ್ಲು ಕಚ್ಚಿ ಹಿಡಿದರೆ ಏಕಾಗ್ರತೆಯ ಅಂಕ ಏರುತ್ತದೆ, ಏಕೆಂದರೆ ದವಡೆಯ ಸ್ನಾಯುಗಳ ವಿದ್ಯುತ್ತು ಮಿದುಳಿನ ವೇಗದ ಅಲೆಗಳಿರುವ ಆವರ್ತನದಲ್ಲಿಯೇ ಬಂದು ಬೀಳುತ್ತದೆ, ಮತ್ತು ಅದಕ್ಕಿಂತ ಎಷ್ಟೋ ಪಾಲು ಬಲವಾಗಿರುತ್ತದೆ. ಇದನ್ನು ಕಂಡ ಮೇಲೆ ಸುಮ್ಮನಿರಲಾಗದೆ, ಒಂದು ಕಲ್ಲಂಗಡಿ ಹಣ್ಣಿಗೆ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಿ, ಅದಕ್ಕೆ ಪಟ್ಟಿಯನ್ನು ಕಟ್ಟಿದೆ. ಸಂವೇದಕಗಳು ಚೆನ್ನಾಗಿ ಹೊಂದಿಕೊಂಡಿವೆಯೆಂದು ಆ್ಯಪ್ ಹಸಿರು ಗುರುತು ತೋರಿಸಿತು. ಬಳಿಕ ಕೂಲರಿನ ಕಂಪನ, ಮನೆಯ ವೈರಿಂಗಿನಿಂದ ಬರುವ ಅಲ್ಪಸ್ವಲ್ಪ ವಿದ್ಯುತ್ತು ಇವನ್ನೆಲ್ಲ ಕಲೆಹಾಕಿ ಲೆಕ್ಕ ಮಾಡಿ, ಹಣ್ಣಿಗೆ ನೂರಕ್ಕೆ ಅರವತ್ತರ ಮೇಲೆ ಅಂಕ ಕೊಟ್ಟು, ಅದು ಎಚ್ಚರದಿಂದ ಕೂಡಿದ ಶಾಂತಿಯಲ್ಲಿದೆಯೆಂದು ಸಾರಿತು. ನಾನು ಕುಚೇಷ್ಟೆಗೆಂದು ಮಾಡಿದ್ದನ್ನು ಕೆನಡಾದ ನರವೈದ್ಯ ಏಡ್ರಿಯನ್ ಅಪ್ಟನ್ 1970ರ ದಶಕದಲ್ಲಿ ಗಂಭೀರ ಉದ್ದೇಶದಿಂದ ಮಾಡಿದ್ದರು. ಅವರು ಜೆಲ್ಲಿಯ ಮುದ್ದೆಗೆ ಇಇಜಿ ಎಲೆಕ್ಟ್ರೋಡುಗಳನ್ನು ಕೂರಿಸಿದಾಗ ಸುತ್ತಲಿನ ಯಂತ್ರಗಳ, ಜನರ ಓಡಾಟದ ಪ್ರಭಾವದಿಂದ ಜೀವಂತ ಮಿದುಳಿನದರಂತೆ ಕಾಣುವ ಗೆರೆಗಳು ಮೂಡಿದವು.

ಇನ್ನೊಂದು ಬಗೆಯ ಪರೀಕ್ಷೆ ತಾನಾಗಿಯೇ ಆಯಿತು. ನಮ್ಮ ಅವ್ವ ದಿನವೂ ಬೆಳಿಗ್ಗೆ ದಾಸರ ಪದಗಳನ್ನು ಹಾಡಿಕೊಳ್ಳುತ್ತಾಳೆ. ಆ ಹೊತ್ತಿನಲ್ಲಿ ಅವಳ ಮನಸ್ಸು ನೆಟ್ಟಷ್ಟು ನನ್ನದು ಯಾವತ್ತೂ ನೆಟ್ಟದ್ದಿಲ್ಲ. ಒಪ್ಪಿಸಿ ಪಟ್ಟಿ ಕಟ್ಟಿದೆ. ತುಟಿ, ಗಂಟಲು, ಹುಬ್ಬುಗಳ ಚಲನೆಯೆಲ್ಲ ಸೇರಿ ಅವಳ ಮನಸ್ಸು ಚಂಚಲವಾಗಿದೆಯೆಂದು ಆ್ಯಪ್ ಹೇಳಿತು, ಅಂಕ ಕಲ್ಲಂಗಡಿಯದಕ್ಕಿಂತ ಕೆಳಗಿತ್ತು. ಓದಿ ಹೇಳಿದಾಗ ಅವಳು ಪಟ್ಟಿ ಬಿಚ್ಚಿ ಕೈಗಿಡುತ್ತ, ‘ಅದು ನನ್ನ ಹಣಿ ನೋಡ್ಲಿಕ್ಕತ್ತದಪ್ಪ, ನನ್ನ ನೋಡವಲ್ದು’ ಎಂದಳು.

ಕ್ಯಾಲಿಬ್ರೇಶನ್ನಿನ ಪ್ರಶ್ನೆಯೂ ಇದೇ. ಉಷ್ಣತೆಯನ್ನು ಅಳೆಯುವ ವಿದ್ಯೆ ಬೆಳೆದ ರೀತಿಯನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಒಂದು ಕಾಲದಲ್ಲಿ ಬಿಸಿ ತಣ್ಣಗೆಂಬುದಕ್ಕೆ ಮನುಷ್ಯನ ಚರ್ಮವೇ ಮಾಪಕವಾಗಿತ್ತು. ಗಾಜಿನ ನಳಿಗೆಯಲ್ಲಿ ದ್ರವ ಏರಿಳಿಯುವುದನ್ನು ಮೊದಮೊದಲು ಜನ ನಂಬಿದ್ದು, ಅದು ತಮ್ಮ ಚರ್ಮಕ್ಕೆ ಅನಿಸಿದ್ದರ ಜೊತೆ ಹೊಂದಿಕೊಂಡಿದ್ದರಿಂದ. ಬಳಿಕ ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಬಿಂದುಗಳು ಸ್ಥಿರವೆಂದು ಗೊತ್ತಾಗಿ, 1742ರಲ್ಲಿ ಸೆಲ್ಸಿಯಸ್ ಆ ಎರಡರ ನಡುವೆ ನೂರು ಭಾಗ ಮಾಡಿದ ಮೇಲೆ, ಮಾಪಕ ಚರ್ಮವನ್ನು ಮೀರಿ ನಿಂತಿತು. ಈಗ ಜ್ವರವಿಲ್ಲವೆಂದು ಕೈ ಹೇಳಿದರೂ ಥರ್ಮಾಮೀಟರ್ ಇದೆಯೆಂದರೆ ನಾವು ಥರ್ಮಾಮೀಟರನ್ನು ನಂಬುತ್ತೇವೆ. ಉಷ್ಣತೆಯೆಂದರೆ ಅಣುಗಳ ಚಲನೆಯ ಸರಾಸರಿ ಶಕ್ತಿಗೆ ಸಂಬಂಧಿಸಿದ್ದು ಎಂಬ ವಿವರಣೆಯೂ ಹಾಗೆಯೇ ಬಂತು. ಪ್ರಜ್ಞೆಗೂ ಇಂಥ ದಿನ ಬರುತ್ತದೆಂಬುದು ಎಲ್ಲವೂ ಜಡವಸ್ತುವಿನಿಂದಲೇ ಎನ್ನುವ ಭೌತವಾದಿಗಳ ಭರವಸೆ. ಆದರೆ ಉಷ್ಣತೆಯ ವಿಷಯದಲ್ಲಿ ನಾವು ಗೆದ್ದದ್ದು ಒಂದು ವಸ್ತುವನ್ನು ಪಕ್ಕಕ್ಕಿಟ್ಟು. ಬಿಸಿಯೆಂದು ಅನಿಸುವ ಅನುಭವವನ್ನು ಮನುಷ್ಯನೊಳಗೆ ಬಿಟ್ಟು, ಹೊರಗಿನ ಅಣುಗಳ ಚಲನೆಯನ್ನಷ್ಟೇ ಉಷ್ಣತೆಯೆಂದು ಹೆಸರಿಸಿದೆವು. ಪ್ರಜ್ಞೆಯನ್ನು ಅಳೆಯಹೊರಟಾಗ, ಹಾಗೆ ಪಕ್ಕಕ್ಕಿಟ್ಟಿದ್ದ ಆ ಅನಿಸಿಕೆಯನ್ನೇ ಅಳೆಯಬೇಕಾಗುತ್ತದೆ. ಅದನ್ನು ಇನ್ನೆಲ್ಲಿಗೆ ಸರಿಸುವುದು? ನೀರಿನ ಹೆಪ್ಪುಬಿಂದುವಿನಂಥ ಹೊರಗಿನ ಆಧಾರ ಅದಕ್ಕೆ ಈವರೆಗೆ ಸಿಕ್ಕಿಲ್ಲ. ಸಿಕ್ಕಿರುವ ಒಂದೇ ಆಧಾರ, ಎಚ್ಚರವಿದ್ದೇನೆ, ನೋವಾಗುತ್ತಿದೆ, ಕೆಂಪು ಕಾಣುತ್ತಿದೆ ಎಂದು ಒಬ್ಬ ಮನುಷ್ಯ ತಾನಾಗಿ ತಿಳಿಸುವುದು.

ಆಸ್ಪತ್ರೆಯ ದುಬಾರಿ ಯಂತ್ರಗಳೂ ಈ ಇಕ್ಕಟ್ಟಿನಿಂದ ಹೊರತಲ್ಲ. ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆಯ ಆಳವನ್ನು ತಿಳಿಯಲು ಬಳಸುವ ಬಿಸ್ ಮಾನಿಟರ್ ಕೂಡ ನನ್ನ ಪಟ್ಟಿಯಂತೆ ಹಣೆಗೆ ಅಂಟಿಸುವಂಥದ್ದೇ. ಅದೂ ಸೊನ್ನೆಯಿಂದ ನೂರರವರೆಗೆ ಅಂಕ ತೋರಿಸುತ್ತದೆ, ನಲವತ್ತರಿಂದ ಅರವತ್ತರ ನಡುವಿದ್ದರೆ ಶಸ್ತ್ರಚಿಕಿತ್ಸೆಗೆ ತಕ್ಕ ಮಟ್ಟವೆಂದು ತಿಳಿಯುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹತ್ತು ಮಂದಿ ಸ್ವಯಂಸೇವಕರಿಗೆ, ಮಂಪರು ತರುವ ಯಾವ ಔಷಧವನ್ನೂ ಕೊಡದೆ, ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಮಾತ್ರ ಕೊಟ್ಟರು. ಅವರು ಪೂರ್ತಿ ಎಚ್ಚರವಾಗಿದ್ದರೂ, ಹಣೆಯ ಸ್ನಾಯುಗಳ ವಿದ್ಯುತ್ತು ನಿಂತುಹೋದ ಕಾರಣ, ಮಾನಿಟರಿನ ಅಂಕ ಅರಿವಳಿಕೆಯ ಮಟ್ಟಕ್ಕೆ ಇಳಿಯಿತು. ಬಳ್ಳಾರಿಯಲ್ಲಿ ಅರಿವಳಿಕೆ ತಜ್ಞನಾಗಿರುವ ನನ್ನ ಸೋದರಳಿಯನ ಮುಂದೆ ಇದನ್ನು ಪ್ರಸ್ತಾಪಿಸಿದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ‘ಮಾಮಾ, ನಾವು ಬರೇ ಅಂಕಿ ನೋಡಿ ಔಷಧ ಕೊಡಂಗಿಲ್ಲ, ಪೇಶಂಟ್ ನೋಡಿ ಕೊಡ್ತೀವಿ. ಅಂಕಿ ಒಂದು ಸಾಕ್ಷಿ ಅಷ್ಟ’ ಎಂದ. ಆ ವಿವೇಕ ನನ್ನ ಆ್ಯಪ್ ಬರೆದವರಿಗೆ ಇಲ್ಲ.

ಇದರ ತದ್ವಿರುದ್ಧ ದಿಕ್ಕಿನ ಉದಾಹರಣೆ 2006ರದು. ರಸ್ತೆ ಅಪಘಾತದ ಬಳಿಕ ಹೊರಗಿನ ಯಾವ ಕರೆಗೂ ಓಗೊಡದೆ ಮಲಗಿದ್ದ 23 ವರ್ಷದ ಯುವತಿಯೊಬ್ಬಳನ್ನು ಬ್ರಿಟನ್ನಿನ ನರವಿಜ್ಞಾನಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಮಿದುಳಿನ ಚುರುಕಾದ ಭಾಗಗಳನ್ನು ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿಟ್ಟು, ಟೆನಿಸ್ ಆಡುತ್ತಿರುವಂತೆ ಊಹಿಸಿಕೋ, ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಊಹಿಸಿಕೋ ಎಂದು ಹೇಳಿದರು. ಆರೋಗ್ಯವಂತರ ಮಿದುಳಿನಲ್ಲಿ ಯಾವ ಯಾವ ಭಾಗಗಳು ಚುರುಕಾಗುತ್ತವೋ ಅವಳ ಮಿದುಳಿನಲ್ಲಿಯೂ ಅವೇ ಭಾಗಗಳು ಚುರುಕಾದವು. ವೈದ್ಯಕೀಯ ಅಳತೆಗಳೆಲ್ಲ ಪ್ರಜ್ಞೆಯಿಲ್ಲವೆಂದು ಬರೆದಿಟ್ಟಿದ್ದ ತಲೆಯೊಳಗಿನಿಂದ ಒಂದು ಉತ್ತರ ಬಂದಿತ್ತು. ಅದನ್ನು ಉತ್ತರವೆಂದು ಗುರುತಿಸಲು ಸಾಧ್ಯವಾದದ್ದು, ಹಾಗೆ ಊಹಿಸಿಕೊಂಡೆವೆಂದು ಬಾಯಿಬಿಟ್ಟು ಹೇಳಬಲ್ಲ ಆರೋಗ್ಯವಂತರ ಜೊತೆ ಮೊದಲೇ ಹೋಲಿಸಿ ಇಟ್ಟಿದ್ದರಿಂದ. ಇಲ್ಲಿಯೂ ಕೊನೆಯ ಆಧಾರ ಮನುಷ್ಯನ ಹೇಳಿಕೆಯೇ.

ಹಾಗೆಂದು, ಪ್ರಜ್ಞೆ ದೇಹವನ್ನು ಅವಲಂಬಿಸಿಲ್ಲ ಎನ್ನುವವರ ಪಕ್ಷಕ್ಕೆ ನಾನು ಹೋಗಲಾರೆ. ಅವಲಂಬನೆಗೆ ಅರಿವಳಿಕೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ತೋರಿಸಿದಂದಿನಿಂದ, ಇಷ್ಟು ಪ್ರಮಾಣದ ರಾಸಾಯನಿಕವನ್ನು ಒಳಗೆ ಬಿಟ್ಟರೆ ಅರಿವು ಆರುತ್ತದೆ, ಅದು ಇಳಿದರೆ ಮರಳುತ್ತದೆ ಎಂಬುದು ದಿನನಿತ್ಯ ನಡೆಯುವ ಪ್ರಯೋಗವಾಗಿದೆ. ಇಂದು ಬಳಸುವ ಪ್ರೊಪೊಫಾಲ್ ಮಿದುಳಿನ ಯಾವ ಗ್ರಾಹಕಗಳ (ರಿಸೆಪ್ಟರುಗಳ) ಮೇಲೆ ಕೆಲಸ ಮಾಡುತ್ತದೆಂಬುದೂ ಬಹುಮಟ್ಟಿಗೆ ಗೊತ್ತಿದೆ. ಯಾವುದರೊಂದಿಗೂ ಸುಲಭವಾಗಿ ಬೆರೆಯದ ಕ್ಸೆನಾನ್ ಎಂಬ ಜಡ ಅನಿಲ ಕೂಡ ಮನುಷ್ಯನ ಪ್ರಜ್ಞೆಯನ್ನು ತಪ್ಪಿಸಬಲ್ಲದು. ಆತ್ಮಕ್ಕೆ ದೇಹದ ಹಂಗಿಲ್ಲವಾದರೆ ಒಂದು ಜಡ ಅನಿಲಕ್ಕೆ ಅದು ಹೀಗೆ ಮಣಿಯುವುದೇಕೆ ಎಂಬ ಪ್ರಶ್ನೆಗೆ ನನ್ನ ಆಸ್ತಿಕ ಮಿತ್ರರಿಂದ ಸಮಾಧಾನದ ಉತ್ತರ ಸಿಕ್ಕಿಲ್ಲ. ವಾದ್ಯ ಒಡೆದರೆ ಹಾಡುಗಾರ ಸತ್ತನೇ ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ. ಆದರೆ ಅರಿವಳಿಕೆಯಲ್ಲಿ ಹೊರಗಿನ ಹಾಡಷ್ಟೇ ನಿಲ್ಲುವುದಿಲ್ಲ, ಒಳಗಿನ ಹಾಡುಗಾರನಿಗೂ ಆ ಹೊತ್ತು ಇರುವುದೇ ಇಲ್ಲ.

ಈ ಜಗಳ ನಮ್ಮ ನೆಲಕ್ಕೆ ಹೊಸದಲ್ಲ. ಇಲ್ಲಿಂದ ನೈರುತ್ಯಕ್ಕೆ ಹೋದರೆ ಸಿಗುವ ಆನೆಗೊಂದಿ, ಹಂಪಿಗಳಲ್ಲಿ ವಿಜಯನಗರ ಕಟ್ಟಿಕೊಂಡ 14ನೆಯ ಶತಮಾನದಲ್ಲಿ, ಮಾಧವಾಚಾರ್ಯರದೆಂದು ಪರಂಪರೆ ಹೇಳುವ ‘ಸರ್ವದರ್ಶನಸಂಗ್ರಹ’ ರಚನೆಯಾಯಿತು. ವೇದಾಂತಿಗಳ ಆ ಗ್ರಂಥ ತನಗೆ ಒಪ್ಪಿಗೆಯಿಲ್ಲದ ಚಾರ್ವಾಕರ ಮತವನ್ನೇ ಮೊದಲ ಅಧ್ಯಾಯದಲ್ಲಿ ವಿವರಿಸುತ್ತದೆ. ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕು ಜಡವಸ್ತುಗಳು ದೇಹವಾಗಿ ಕೂಡಿದಾಗ, ಹುದುಗು ಬೆರೆತ ಪದಾರ್ಥಗಳಲ್ಲಿ ಮದ್ಯದ ಶಕ್ತಿ ಹುಟ್ಟುವಂತೆ ಚೈತನ್ಯ ಹುಟ್ಟುತ್ತದೆ, ದೇಹ ಅಳಿದಾಗ ತಾನೂ ಅಳಿಯುತ್ತದೆ ಎಂಬುದು ಅವರ ವಾದ. ನನ್ನ ಪಟ್ಟಿಯ ಕೈಪಿಡಿ ಹೇಳುವುದರ ಹುರುಳೆಲ್ಲ ಇಲ್ಲಿಯೇ ಇದೆ, ಇನ್ನೂ ಚೊಕ್ಕ ಮಾತಿನಲ್ಲಿ. ಬಿಡಿ ಪದಾರ್ಥಗಳಲ್ಲಿ ಇಲ್ಲದ ಗುಣ ಕೂಡಿಕೆಯಲ್ಲಿ ಹುಟ್ಟಬಹುದೆಂಬುದನ್ನು ಈ ದೃಷ್ಟಾಂತ ತೋರಿಸುತ್ತದೆ, ಅಷ್ಟನ್ನು ಒಪ್ಪೋಣ. ಆದರೆ ಈಚಲು ಮರದಿಂದ ಇಳಿಸಿದ ಸೇಂದಿ ಹುಳಿಯಾಗುವಾಗ ಮಡಕೆಯಲ್ಲಿ ನಡೆಯುವುದು ಸಕ್ಕರೆ ಯೀಸ್ಟಿನಿಂದಾಗಿ ಆಲ್ಕೋಹಾಲ್ ಆಗುವ ಕ್ರಿಯೆ, ಅದರ ಪ್ರತಿ ಹೆಜ್ಜೆಯನ್ನೂ ಕಾಗದದ ಮೇಲೆ ಬರೆದು ತೋರಿಸಬಹುದು. ಅಮಲು ಮಾತ್ರ ಮಡಕೆಗೆ ಏರುವುದಿಲ್ಲ, ಕುಡಿದವನಿಗೆ ಏರುತ್ತದೆ. ದೃಷ್ಟಾಂತದೊಳಗೆ ಒಬ್ಬ ಕುಡಿಯುವವನನ್ನು, ಎಂದರೆ ಈಗಾಗಲೇ ಪ್ರಜ್ಞೆಯುಳ್ಳವನನ್ನು, ಸದ್ದಿಲ್ಲದೆ ಕೂರಿಸಿಕೊಂಡಿದ್ದಾರೆ. ವಿವರಿಸಬೇಕಾದದ್ದನ್ನೇ ಬಂಡವಾಳವಾಗಿ ಹೂಡಿದರೆ ಲಾಭ ತೋರಿಸುವುದು ಕಷ್ಟವೇನಲ್ಲ.

ಎದುರು ಪಕ್ಷದ ವಾದಗಳೂ ಅಷ್ಟೇ ಎಚ್ಚರಿಕೆಯಿಂದ ನೋಡಬೇಕಾದವು. ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದಲ್ಲಿ, ಆಕಾರದಂಥ ದೇಹದ ಗುಣಗಳು ಹೆಣದಲ್ಲಿಯೂ ಉಳಿಯುತ್ತವೆ, ಚೈತನ್ಯ ಉಳಿಯುವುದಿಲ್ಲ, ಆದುದರಿಂದ ಅದು ದೇಹದ ಗುಣವಲ್ಲ ಎಂಬ ತರ್ಕವಿದೆ. ಸ್ಥಾವರದಲ್ಲಿ ದುಡಿದವನಿಗೆ ಇದು ಸಾಲದು. ಯೂನಿಟ್ ಷಟ್‌ಡೌನ್ ಆದಾಗ ಬಾಯ್ಲರ್, ಟರ್ಬೈನ್, ಜನರೇಟರ್ ಎಲ್ಲವೂ ಇದ್ದಲ್ಲಿಯೇ ಇರುತ್ತವೆ, ವಿದ್ಯುತ್ತು ಮಾತ್ರ ಇರುವುದಿಲ್ಲ. ಅದರಿಂದ ವಿದ್ಯುತ್ತು ಆ ಯಂತ್ರಗಳಿಂದ ಬಂದದ್ದಲ್ಲವೆಂದು ಯಾರೂ ತೀರ್ಮಾನಿಸುವುದಿಲ್ಲ. ಗುಣ ವಸ್ತುವಿನದಲ್ಲ, ಅದರ ಓಟದ್ದು. ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್ 1714ರಲ್ಲಿ ಕೊಟ್ಟ ಗಿರಣಿಯ ಉದಾಹರಣೆ ಇನ್ನೂ ಮೊನಚಾದದ್ದು. ಯೋಚಿಸುವ ಯಂತ್ರವೊಂದನ್ನು ಗಿರಣಿಯಷ್ಟು ದೊಡ್ಡದು ಮಾಡಿ ಒಳಗೆ ಹೊಕ್ಕು ನೋಡಿದರೆ, ಒಂದನ್ನೊಂದು ತಳ್ಳುವ ಭಾಗಗಳು ಕಾಣುತ್ತವೆಯೇ ಹೊರತು ಅನುಭವವನ್ನು ವಿವರಿಸುವಂಥದ್ದೇನೂ ಕಾಣುವುದಿಲ್ಲ ಎಂದು ಅವರು ಹೇಳಿದರು. ಇದಕ್ಕೂ ನನ್ನ ಮೊದಲ ಪ್ರತಿಕ್ರಿಯೆ ಸ್ಥಾವರದಿಂದಲೇ ಬಂತು: 1,720 ಮೆಗಾವಾಟ್ ಸಾಮರ್ಥ್ಯದ ನಮ್ಮ ಸ್ಥಾವರದೊಳಗೆ ಎಷ್ಟು ಓಡಾಡಿದರೂ ಯಾರ ಕಣ್ಣಿಗೂ ವಿದ್ಯುತ್ತು ಬೀಳುವುದಿಲ್ಲ. ಆದರೆ ಈ ಪ್ರತಿಕ್ರಿಯೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ, ಏಕೆಂದರೆ ವಿದ್ಯುತ್ತನ್ನು ಹೊರಗೊಯ್ಯುವ ಲೋಹದ ಬಸ್‌ಬಾರಿಗೆ ಮಾಪಕ ಜೋಡಿಸಿದರೆ ವಿದ್ಯುತ್ತು ಎಷ್ಟಿದೆಯೆಂದು ಗೊತ್ತಾಗುತ್ತದೆ, ಆಯಸ್ಕಾಂತದ ನಡುವೆ ತಂತಿ ತಿರುಗಿದರೆ ಅದು ಏಕೆ ಹುಟ್ಟಲೇಬೇಕೆಂಬುದಕ್ಕೆ ಫ್ಯಾರಡೆಯ ನಿಯಮವಿದೆ. ನರಕೋಶಗಳು ಹೀಗೆ ಮಿಡಿದರೆ ನೋವು ಏಕೆ ಹುಟ್ಟಲೇಬೇಕು ಎಂಬುದಕ್ಕೆ ಅಂಥ ನಿಯಮ ಯಾರ ಕೈಯಲ್ಲಿಯೂ ಇಲ್ಲ. ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ಪ್ರಜ್ಞೆಯ ಕಠಿಣ ಸಮಸ್ಯೆಯೆಂದು ಕರೆದದ್ದು ಇದನ್ನೇ. ನೆನಪು, ಗಮನ, ಮಾತು ಇವು ಹೇಗೆ ನಡೆಯುತ್ತವೆಂಬುದನ್ನೆಲ್ಲ ವಿವರಿಸಿ ಮುಗಿಸಿದ ಮೇಲೂ, ಇದೆಲ್ಲ ಕತ್ತಲೆಯಲ್ಲಿ ನಡೆಯದೆ ಒಬ್ಬರಿಗೆ ಅನುಭವವಾಗಿ ಏಕೆ ತೋರುತ್ತದೆ ಎಂಬುದು ಉಳಿದುಕೊಳ್ಳುತ್ತದೆ.

ವಿಜ್ಞಾನ ಇದನ್ನು ಇತ್ಯರ್ಥಪಡಿಸಿದೆಯೆಂಬ ಕೈಪಿಡಿಯ ಮಾತನ್ನು ವಿಜ್ಞಾನಿಗಳೇ ಒಪ್ಪುವುದಿಲ್ಲ. ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ 1998ರಲ್ಲಿ ಚಾಮರ್ಸ್ ಜೊತೆ ಒಂದು ಪಂದ್ಯ ಕಟ್ಟಿದ್ದರು: ಪ್ರಜ್ಞೆಗೆ ಆಧಾರವಾದ ನರಗಳ ಕ್ರಿಯೆ 25 ವರ್ಷಗಳೊಳಗೆ ಸ್ಪಷ್ಟವಾಗಿ ಸಿಗುತ್ತದೆಂಬುದು ಕಾಕ್ ಅವರ ಪಂಥ. 2023ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಅವರು ಸೋಲೊಪ್ಪಿ ಚಾಮರ್ಸ್ ಅವರಿಗೆ ವೈನ್ ಬಾಟಲಿಗಳನ್ನು ಕೊಟ್ಟರು. ಗಮನಿಸಬೇಕಾದದ್ದೆಂದರೆ, ಪಂದ್ಯ ಇದ್ದದ್ದು ಪ್ರಜ್ಞೆಯ ಜೊತೆಜೊತೆಗೆ ಯಾವ ನರಕ್ರಿಯೆ ನಡೆಯುತ್ತದೆಂಬ ಸುಲಭದ ಪ್ರಶ್ನೆಯ ಮೇಲೆ. ಏಕೆ ಎಂಬ ಕಷ್ಟದ ಪ್ರಶ್ನೆಯನ್ನು ಅವರು ಪಣಕ್ಕೇ ಇಟ್ಟಿರಲಿಲ್ಲ. ಇಂದು ಮುಂಚೂಣಿಯಲ್ಲಿರುವ ಎರಡು ಸಿದ್ಧಾಂತಗಳಲ್ಲಿ ಒಂದು, ಮಾಹಿತಿ ಮಿದುಳಿನ ಎಲ್ಲ ವಿಭಾಗಗಳಿಗೂ ಒಟ್ಟಿಗೆ ಬಿತ್ತರವಾದಾಗ ಪ್ರಜ್ಞೆ ಮೂಡುತ್ತದೆ ಎನ್ನುತ್ತದೆ. ನರವಿಜ್ಞಾನಿ ಜೂಲಿಯೊ ಟೊನೋನಿ ಮಂಡಿಸಿದ ಇನ್ನೊಂದು, ಬಿಡಿಸಲಾಗದಂತೆ ಹೆಣೆದುಕೊಂಡ ಮಾಹಿತಿಯೇ ಪ್ರಜ್ಞೆ ಎನ್ನುತ್ತದೆ. ಎರಡೂ ಪಕ್ಷದವರು ಮೊದಲೇ ಕೂಡಿ ಷರತ್ತುಗಳನ್ನು ಒಪ್ಪಿಕೊಂಡು ನಡೆಸಿದ, 256 ಮಂದಿ ಭಾಗವಹಿಸಿದ ಪ್ರಯೋಗದ ಫಲಿತಾಂಶ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ಸಿದ್ಧಾಂತಗಳ ಮುಖ್ಯ ನಿರೀಕ್ಷೆಗಳಿಗೂ ಅದರಲ್ಲಿ ಪೆಟ್ಟು ಬಿತ್ತು. ನೂರಾರು ಎಲೆಕ್ಟ್ರೋಡುಗಳಿಂದ, ಕೋಟ್ಯಂತರ ರೂಪಾಯಿಯ ಯಂತ್ರಗಳಿಂದ ತೀರದ ವ್ಯಾಜ್ಯವನ್ನು ನಾಲ್ಕು ಸಂವೇದಕಗಳ ಪಟ್ಟಿಯೊಂದು ತೀರಿಸಿತೆಂದು ಬರೆಯಲು ಧೈರ್ಯ ಬೇಕು.

ನನ್ನ ಒಲವು ಯಾವ ಕಡೆಗೆಂದು ಕೇಳಿದರೆ, ಪ್ರಜ್ಞೆ ದೇಹದ ಕ್ರಿಯೆಯಿಂದಲೇ ಬರುತ್ತದೆಂಬ ಕಡೆಗೆ ಎನ್ನುತ್ತೇನೆ. ಅದು ನರಕೋಶಗಳ ಬರೀ ಎಣಿಕೆಯಿಂದ ಬರುವಂಥದ್ದಲ್ಲ. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಬಹುಪಾಲು ತಲೆಯ ಹಿಂಭಾಗದ ಕಿರುಮಿದುಳಿನಲ್ಲಿವೆ, ಆದರೂ ಹುಟ್ಟಿನಿಂದ ಕಿರುಮಿದುಳೇ ಇಲ್ಲದ 24 ವರ್ಷದ ಮಹಿಳೆಯೊಬ್ಬರು ಚೀನಾದಲ್ಲಿ ಪತ್ತೆಯಾದದ್ದು 2014ರಲ್ಲಿ ವರದಿಯಾಯಿತು. ಅವರ ನಡಿಗೆ, ಮಾತುಗಳಲ್ಲಿ ತೊಡಕಿತ್ತು, ಪ್ರಜ್ಞೆಯಲ್ಲಿ ಇರಲಿಲ್ಲ. ಜೋಡಣೆಯ ರೀತಿಯಲ್ಲಿ ಗುಟ್ಟಿದೆಯೆಂದು ಇದರಿಂದ ಊಹಿಸಬಹುದು. ಸುಮಾರು 20 ವಾಟ್ ಶಕ್ತಿಯಲ್ಲಿ ನಡೆಯುವ ಆ ಜೋಡಣೆಯ ಮುಂದೆ ನಮ್ಮ ಸ್ಥಾವರದ ಕಂಟ್ರೋಲ್ ರೂಮೆಲ್ಲ ಮಕ್ಕಳ ಆಟಿಕೆ. ಆದರೆ ಇದು ಒಲವು, ಅಳತೆಯಲ್ಲ. ಅವಲಂಬಿಸಿದೆ ಎನ್ನುವುದು ತಿಳಿದಿದೆ, ಹೇಗೆ ಉಂಟಾಗುತ್ತದೆ ಎನ್ನುವುದು ತಿಳಿದಿಲ್ಲ. ಮೊದಲನೆಯದರ ರಸೀದಿ ತೋರಿಸಿ ಎರಡನೆಯದಕ್ಕೆ ಹಣ ವಸೂಲು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕಾಗಿ ಸಲಕರಣೆಯ ಕೆಲಸಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಪ್ರಜ್ಞೆಯ ಅಂಕ ತೋರಿಸುವ ಭಾಗಕ್ಕೆ ಏನನ್ನೂ ಕೊಡುವುದಿಲ್ಲ.

ಕೊಳ್ಳುವ ಮನಸ್ಸಿದ್ದವರಿಗೆ ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಆ್ಯಪ್ ಇಂಗ್ಲಿಷಿನಲ್ಲಿ ಮಾತ್ರ ಇದೆ, ಕನ್ನಡವಿಲ್ಲ. ಅಲೆಗಳ ಕಚ್ಚಾ ದಾಖಲೆಯನ್ನು ಇಳಿಸಿಕೊಳ್ಳಬೇಕಾದರೆ ವರ್ಷಕ್ಕೊಮ್ಮೆ ಬೇರೆ ಚಂದಾ ಕಟ್ಟಬೇಕು, ಇದನ್ನು ಕೊಳ್ಳುವಾಗ ಎದ್ದು ಕಾಣುವಂತೆ ತಿಳಿಸಿರುವುದಿಲ್ಲ. ನಮ್ಮ ಭಾಗದಲ್ಲಿ ರಿಪೇರಿಯ ವ್ಯವಸ್ಥೆಯಿಲ್ಲದ್ದರಿಂದ ಕೆಟ್ಟರೆ ಬೆಂಗಳೂರಿಗೆ ಕೊರಿಯರ್ ಮಾಡಬೇಕು, ಹೋಗುವ ಖರ್ಚು ನಮ್ಮದೇ. ನಿದ್ರಾಹೀನತೆ, ಮೂರ್ಛೆರೋಗದಂಥ ತೊಂದರೆಯಿರುವವರು ಇದರ ಅಂಕ ನೋಡಿ ಔಷಧದಲ್ಲಿ ಯಾವ ಬದಲಾವಣೆಯನ್ನೂ ಮಾಡಿಕೊಳ್ಳಬಾರದು, ನರರೋಗ ವೈದ್ಯರ ಇಇಜಿಗೆ ಇದು ಬದಲಿಯಲ್ಲ. ಧ್ಯಾನ ಕಲಿಯುವುದಕ್ಕೆಂದು ಕೊಳ್ಳುವವರಿಗೂ ನಾನು ಬೇಡವೆಂದೇ ಹೇಳುತ್ತೇನೆ, ಏಕೆಂದರೆ ಸ್ವಲ್ಪ ದಿನದಲ್ಲಿಯೇ ಮನಸ್ಸು ಉಸಿರನ್ನು ಬಿಟ್ಟು ಅಂಕದ ಹಿಂದೆ ಓಡತೊಡಗುತ್ತದೆ. ವಿಜ್ಞಾನ ಕಲಿಸುವ ಪಿಯು ಕಾಲೇಜೊಂದು ನಾಲ್ಕಾರು ಮಂದಿ ಉಪನ್ಯಾಸಕರ ಚಂದಾದಿಂದ ಒಂದನ್ನು ತರಿಸಿಕೊಂಡರೆ ಮಾತ್ರ ಹಣಕ್ಕೆ ನ್ಯಾಯ ಸಿಗುತ್ತದೆ. ಆಲ್ಫಾ ಅಲೆಗಳನ್ನು, ಸ್ನಾಯುಗಳ ಗದ್ದಲವನ್ನು, 50 ಹರ್ಟ್ಸ್ ಅಡಚಣೆಯನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಇದಕ್ಕಿಂತ ಅಗ್ಗದ ಸಲಕರಣೆ ನನಗೆ ಕಂಡಿಲ್ಲ. ಹಾಗೆ ತರಿಸುವವರು ಬೇಸಿಗೆ ಕಳೆದ ಮೇಲೆ ತರಿಸಲಿ, ಮತ್ತು ವಾಪಸು ಕಳುಹಿಸುವ ಅವಧಿ ಮುಗಿಯುವುದರೊಳಗೆ ನಾಲ್ಕೂ ಸಂವೇದಕಗಳನ್ನು ಒಂದೊಂದಾಗಿ ಪರೀಕ್ಷಿಸಿಕೊಳ್ಳಲಿ. ನನಗೆ ಬಂದ ಪಟ್ಟಿಯಲ್ಲಿ ಎಡಗಿವಿಯ ಸಂವೇದಕದ ಸಂಪರ್ಕ ಸಡಿಲವಿದ್ದು, ಅದು ಗೊತ್ತಾಗುವ ಹೊತ್ತಿಗೆ ಆ ಅವಧಿ ಮುಗಿದುಹೋಗಿತ್ತು.